ಕಂಚುಮೀನಿನ ಮರಿಗಳು

ಮುಂಬಯಿಯಂಥ ಮಹಾನಗರದಲ್ಲಿ ನೆಲೆಸಿದವರಿಗೆ ಪ್ರಾಣಿಗಳನ್ನು ಸಾಕುವ ಭಾಗ್ಯ ದೊರೆಯುವುದು ಅಪರೂಪ. ಹಸುವನ್ನು ಕಟ್ಟಲು ಕೊಟ್ಟಿಗೆಯಿಲ್ಲ. ನಾಯಿ ಓಡಾಡಲು ಅಂಗಳವಿಲ್ಲ. ಬೆಕ್ಕಾದರೋ ತನಗೆ ಬೇಕಾದ ಮನೆಯನ್ನು ತಾನೇ ಆರಿಸಿಕೊಳ್ಳುವ ಪ್ರಾಣಿಯಾದ್ದರಿಂದ ಅದನ್ನು ನಾವು ಸಾಕಿದೆವೆಂದು ಹೇಳಿಕೊಳ್ಳುವುದು ಸತ್ಯಕ್ಕೆ ದೂರ. ಉಳಿದದ್ದು ಮೀನು. ಅದು ಬೊಗಳಿ ನೆರೆಯವರ ನಿದ್ದೆ ಕೆಡಿಸುವುದಿಲ್ಲ. ಎರಡಡಿ ಉದ್ದದ ಗಾಜಿನ ತೊಟ್ಟಿಯೊಂದಿದ್ದರೆ ಅದರ ಸಂಸಾರ ನಡೆಯುತ್ತದೆ. ಚಾಳಿನ ಒಂದೇ ಖೋಲಿಯಲ್ಲಿ ಸಂಸಾರ ಹೂಡಿದ ನಾವೂ ಹೀಗೆಯೇ ಯೋಚಿಸಿ, 2023ರ ದೀಪಾವಳಿಯ ರಜೆಯಲ್ಲಿ ಕ್ರಾಫರ್ಡ್ ಮಾರ್ಕೆಟ್ಟಿನ ಅಂಗಡಿಯೊಂದರಿಂದ ಆರು ಮೀನುಗಳನ್ನು ನೀರು ತುಂಬಿದ ಚೀಲದಲ್ಲಿಟ್ಟು ಲೋಕಲ್ ಗಾಡಿಯಲ್ಲಿ ಮನೆಗೆ ತಂದೆವು. ಅವು ಮೊಟ್ಟೆಯಿಟ್ಟ ಬಗೆಯನ್ನೂ ಆ ಮೊಟ್ಟೆಗಳಿಂದ ಬಂದ ಮರಿಗಳು ಬೆಳೆದ ಬಗೆಯನ್ನೂ ನಮ್ಮ ಶಾಲೆಯ ವಿದ್ಯಾರ್ಥಿ ಮಿತ್ರರಿಗೆ ತಿಳಿಸಬೇಕೆಂಬುದೇ ಈ ಬರಹದ ಉದ್ದೇಶ.

ಮೀನಿನ ಹೆಸರು ಕೋರಿಡೋರಾಸ್. ಬಾಯಿಗೆ ತುಸು ಕಠಿನವೆನಿಸಿದರೂ ಅದರ ಅರ್ಥ ಸೊಗಸಾಗಿದೆ. ಗ್ರೀಕ್ ಭಾಷೆಯಲ್ಲಿ ‘ಕೋರಿಸ್’ ಎಂದರೆ ಶಿರಸ್ತ್ರಾಣ, ‘ಡೋರಾ’ ಎಂದರೆ ಚರ್ಮ. ಫ್ರಾನ್ಸ್ ದೇಶದ ಪ್ರಾಣಿಶಾಸ್ತ್ರಜ್ಞ ಲಾಸೆಪೇಡ್ 1803ರಲ್ಲಿ ಈ ಹೆಸರನ್ನಿಟ್ಟನು. ಇದರ ಮೈಗೆ ಉಳಿದ ಮೀನುಗಳಂತೆ ಹುರುಪೆಗಳಿಲ್ಲ; ಎರಡೂ ಪಕ್ಕಗಳಲ್ಲಿ ಎರಡೆರಡು ಸಾಲು ಎಲುಬಿನ ಫಲಕಗಳಿವೆ. ಕವಚ ತೊಟ್ಟ ಈ ಯೋಧನ ಉದ್ದ ಮಾತ್ರ ಎರಡೂವರೆ ಅಂಗುಲ! ಬಾಯಿಯ ಸುತ್ತ ಮೆತ್ತನೆಯ ಮೀಸೆಗಳುಂಟು. ಅವುಗಳಿಂದ ತಳದ ಮರಳನ್ನು ತಡವುತ್ತ ಆಹಾರ ಹುಡುಕುವುದೇ ಅದರ ದಿನದ ಉದ್ಯೋಗ. ಚೂಪು ಕಲ್ಲಿನ ತಳದಲ್ಲಿ ಆ ಮೀಸೆಗಳು ಸವೆದುಹೋಗುವುದರಿಂದ ನಾವು ತೊಟ್ಟಿಗೆ ನುಣ್ಣನೆಯ ಮರಳನ್ನೇ ತೊಳೆದು ಹಾಸಿದೆವು.

ಇವುಗಳ ತವರು ದಕ್ಷಿಣ ಅಮೆರಿಕೆಯ ನದಿ ತೊರೆಗಳು. ಈ ಬಳಗದ ಚುಕ್ಕೆಮೀನೊಂದನ್ನು ಚಾರ್ಲ್ಸ್ ಡಾರ್ವಿನ್ ತನ್ನ ಬೀಗಲ್ ನೌಕೆಯ ಯಾತ್ರೆಯಲ್ಲಿ ಸಂಗ್ರಹಿಸಿದ್ದನು. 1842ರಲ್ಲಿ ಜೆನಿನ್ಸ್ ಅದನ್ನು ಶಾಸ್ತ್ರಲೋಕಕ್ಕೆ ಪರಿಚಯಿಸಿದನು. ಅದೇ ಜಾತಿಯನ್ನು 1878ರಲ್ಲಿ ಪ್ಯಾರಿಸ್ ನಗರದ ಕಾರ್ಬೋನ್ಯೆ ಎಂಬಾತನು ತೊಟ್ಟಿಯಲ್ಲಿ ಮೊಟ್ಟೆಯಿಡಿಸಿದನೆಂದಮೇಲೆ ಈ ಹವ್ಯಾಸ ನಿನ್ನೆ ಮೊನ್ನೆಯದಲ್ಲವೆಂದಾಯಿತು. ನಮ್ಮ ಮನೆಗೆ ಬಂದವು ಕಂಚಿನ ಬಣ್ಣದವು. ಇವನ್ನು 1858ರಲ್ಲಿ ಟ್ರಿನಿಡಾಡ್ ದ್ವೀಪದ ಮೀನುಗಳನ್ನು ನೋಡಿ ಗಿಲ್ ಎಂಬ ಅಮೆರಿಕನ್ ವಿದ್ವಾಂಸನು ವರ್ಣಿಸಿದನು. 2024ರಲ್ಲಿ ವಿಜ್ಞಾನಿಗಳು ಈ ದೊಡ್ಡ ಬಳಗವನ್ನು ಹಲವು ಮನೆಗಳಾಗಿ ಪಾಲು ಮಾಡಿದ್ದರಿಂದ ಕಂಚುಮೀನಿಗೆ ಈಗ ‘ಆಸ್ಟಿಯೋಗ್ಯಾಸ್ಟರ್’ ಎಂಬ ಹೊಸ ಮನೆತನದ ಹೆಸರು ಬಂದಿದೆ. ಅಂಗಡಿಯವರಿಗೂ ನಮಗೂ ಅದು ಹಳೆಯ ಕೋರಿಡೋರಾಸೇ.

ಮೊದಲ ದಿನವೇ ಇವು ನಮ್ಮ ಮನೆಯಾಕೆಯನ್ನು ಗಾಬರಿಗೊಳಿಸಿದವು. ತಳದಲ್ಲಿ ಸುಮ್ಮನಿದ್ದ ಮೀನೊಂದು ಬಾಣದಂತೆ ಮೇಲೆ ನೆಗೆದು, ನೀರಿನ ಮೇಲ್ಗಡೆ ಒಂದು ಗುಟುಕು ಗಾಳಿಯನ್ನು ನುಂಗಿ, ಮರುಕ್ಷಣದಲ್ಲಿ ತಳ ಸೇರಿತು. “ಅದಕ್ಕೆ ಉಸಿರು ಕಟ್ಟುತ್ತಿದೆಯೇನೋ, ನೋಡಿ!” ಎಂದಳು ಆಕೆ. ಅದು ಈ ಮೀನಿನ ಹುಟ್ಟುಗುಣ. ನುಂಗಿದ ಗಾಳಿ ಕರುಳಿನ ಹಿಂಭಾಗವನ್ನು ಸೇರುತ್ತದೆ. ಅಲ್ಲಿನ ತೆಳುವಾದ ಗೋಡೆಯ ರಕ್ತನಾಳಗಳು ಆಮ್ಲಜನಕವನ್ನು ಹೀರಿಕೊಳ್ಳುತ್ತವೆ. ಕಿವಿರು ಸಾಲದ ಕೆಸರುನೀರಿನಲ್ಲಿ ಕರುಳೇ ಶ್ವಾಸಕೋಶದ ಕೆಲಸ ಮಾಡುವುದೆಂದರೆ ಪ್ರಕೃತಿಯ ಜಾಣ್ಮೆ ಎಷ್ಟೆಂಬುದನ್ನು ನೀವೇ ಊಹಿಸಿರಿ.

ಇನ್ನು ಮೊಟ್ಟೆಯ ಮಾತು. ನಮ್ಮ ಹುಟ್ಟೂರು ಮಲೆನಾಡಿನದು. ಅಲ್ಲಿ ಮುಂಗಾರಿನ ಮೊದಲ ಹೊಡೆತಕ್ಕೆ ಹಳ್ಳದ ಮೀನುಗಳು ಹೊಸನೀರಿನ ಎದುರು ಹತ್ತಿ ಗದ್ದೆಗಳಿಗೆ ಬರುತ್ತವೆ. ಜನ ಅವನ್ನು ‘ಹತ್ತುಮೀನು’ ಎನ್ನುತ್ತಾರೆ. ಮೊಟ್ಟೆಯಿಡಲೆಂದೇ ಅವು ಹಾಗೆ ಬರುವುದು. ಕೋರಿಡೋರಾಸಿನ ನಾಡಿನಲ್ಲಿಯೂ ಇದೇ ನಿಯಮ. ಮಳೆ ಸುರಿದು, ಹೊಸನೀರು ಹರಿದು, ಬಿಸಿಯಾಗಿದ್ದ ತೊರೆ ತಂಪಾದಾಗ ಹೆಣ್ಣುಮೀನಿಗೆ ಮೊಟ್ಟೆಯಿಡುವ ಕಾಲ ಬಂದಿತೆಂದು ತಿಳಿಯುತ್ತದೆ. ತೊಟ್ಟಿಯಲ್ಲಿ ಸಾಕುವವನು ಆ ಮಳೆಯ ನೆನಪನ್ನು ಮೀನಿಗೆ ಕೊಡಬೇಕು: ಕೆಲವು ವಾರ ಹುಳುವಿನ ಪುಷ್ಟಿಯಾದ ಆಹಾರವನ್ನು ಕೊಟ್ಟು, ಬಳಿಕ ತೊಟ್ಟಿಯ ಮೂರನೆಯ ಒಂದು ಪಾಲು ನೀರನ್ನು ತೆಗೆದು ಅಷ್ಟೇ ತಂಪುನೀರನ್ನು ತುಂಬಬೇಕು.

ನೀರು! ಆ ವರ್ಷ ಅದೇ ಕಷ್ಟವಾಗಿದ್ದಿತು. ಮುಂಬಯಿಗೆ ನೀರುಣಿಸುವ ತಾನ್ಸಾ, ವೈತರಣಾ, ಭಾತ್ಸಾ ಮೊದಲಾದ ಜಲಾಶಯಗಳು ಬತ್ತಿದ್ದರಿಂದ 2024ರ ಮೇ 30ರಿಂದ ನಗರದಲ್ಲಿ ಶೇಕಡಾ 5ರಷ್ಟು, ಜೂನ್ 5ರಿಂದ ಶೇಕಡಾ 10ರಷ್ಟು ನೀರಿನ ಕಡಿತ ಜಾರಿಗೆ ಬಂದಿತು. ನಮ್ಮ ಚಾಳಿನ ನಳಕ್ಕೆ ಬೆಳಗಿನ ಜಾವ ಮಾತ್ರ ನೀರು. ಪಕ್ಕದ ಖೋಲಿಯ ಮರಾಠಿ ಮಾವಶಿ ಒಂದು ದಿನ ಕೊಡ ಹಿಡಿದು ನಿಂತು, “ಮಾಸ್ತರ್, ತಿನ್ನುವ ಮೀನಾದರೂ ಆಗಿದ್ದರೆ ಒಂದು ಮಾತು. ನೋಡುವ ಮೀನಿಗೆ ಇಷ್ಟು ನೀರೇ?” ಎಂದು ಕೇಳಿದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಮನುಷ್ಯರ ಪಾಲನ್ನು ಮೀನಿಗೆ ಕೊಡುವುದು ನಮಗೂ ಒಪ್ಪಿತವಲ್ಲ.

ಜೂನ್ ಎರಡನೆಯ ವಾರದಲ್ಲಿ ಮಳೆ ಬಂದಿತು. ಮೊದಲ ಮಳೆಗಳು ಗಾಳಿಯ ಧೂಳು ಹೊಗೆಗಳನ್ನು ತೊಳೆಯಲಿ ಎಂದು ಹತ್ತು ದಿನ ಕಾದು, ಆಮೇಲೆ ಗ್ಯಾಲರಿಯ ಕಟಕಟೆಯಾಚೆ ಎರಡು ಬಕೀಟುಗಳನ್ನು ಬಯಲಿಗೆ ಕಟ್ಟಿದೆವು. ಆಕಾಶವೇ ನೀರು ಕೊಟ್ಟಮೇಲೆ ನೆರೆಯವರ ಹಂಗೇಕೆ? ಶುದ್ಧ ಮಳೆನೀರಿನಲ್ಲಿ ಖನಿಜಾಂಶಗಳಿರುವುದಿಲ್ಲವಾದ್ದರಿಂದ, ಒಂದು ದಿನ ತೆರೆದಿಟ್ಟು ಕ್ಲೋರಿನ್ ಕಳೆದ ನಳದ ನೀರನ್ನು ಅರ್ಧ ಬೆರೆಸಿ, ಜೂನ್ 22ರ ಸಂಜೆ ಇಪ್ಪತ್ತು ಲೀಟರುಗಳನ್ನು ಮೆಲ್ಲಗೆ ತೊಟ್ಟಿಗೆ ಸುರಿದೆವು. ಮೇ ತಿಂಗಳಲ್ಲಿ 30 ಡಿಗ್ರಿ ಮುಟ್ಟಿದ್ದ ತೊಟ್ಟಿಯ ನೀರು 26ಕ್ಕೆ ಇಳಿಯಿತು.

ಮರುದಿನ ರವಿವಾರ. ಬೆಳಿಗ್ಗೆ ನೋಡಿದರೆ ತೊಟ್ಟಿಯಲ್ಲಿ ಮದುವೆಮನೆಯ ಸಡಗರ. ದಪ್ಪನೆಯ ಹೆಣ್ಣುಮೀನಿನ ಹಿಂದೆ ತೆಳ್ಳನೆಯ ಗಂಡುಗಳು ಮೂರು ನಾಲ್ಕು ಓಡುತ್ತಿದ್ದವು. ಒಂದು ಗಂಡು ಅಡ್ಡವಾಗಿ ನಿಂತಾಗ ಹೆಣ್ಣು ಅದರ ಪಕ್ಕಕ್ಕೆ ಮೂತಿಯೊತ್ತಿ ನಿಲ್ಲುತ್ತಿದ್ದಿತು. ಮೇಲಿನಿಂದ ನೋಡಿದರೆ ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರ. ಬಳಿಕ ಹೆಣ್ಣುಮೀನು ಹೊಟ್ಟೆಯ ಕೆಳಗಿನ ಎರಡು ರೆಕ್ಕೆಗಳನ್ನು ಬೊಗಸೆಯಂತೆ ಕೂಡಿಸಿ, ಅದರಲ್ಲಿ ಎರಡು ಮೂರು ಮೊಟ್ಟೆಗಳನ್ನು ಹಿಡಿದು, ಗಾಜಿನ ಮೇಲೆ ಜಾಗ ಹುಡುಕಿ ಅಂಟಿಸುತ್ತಿದ್ದಿತು. ಮಧ್ಯಾಹ್ನದವರೆಗೆ ಇದೇ ಕೆಲಸ. ಸಾಸಿವೆ ಕಾಳಿನಷ್ಟಿದ್ದ ಮೊಟ್ಟೆಗಳನ್ನು ನಮ್ಮ ಮಗಳು ಎಣಿಸಿದಳು: 112.

ಅಷ್ಟಕ್ಕೆ ತಾಯಿ ತಂದೆಯರ ಕರ್ತವ್ಯ ಮುಗಿಯಿತು. ಮಾತ್ರವಲ್ಲ, ಹಸಿದರೆ ಅವು ತಮ್ಮ ಮೊಟ್ಟೆಗಳನ್ನೇ ತಿಂದುಬಿಡುತ್ತವೆ. ಆದ್ದರಿಂದ ಬೆರಳಿನ ತುದಿಯಿಂದ ಒಂದೊಂದನ್ನೇ ಉರುಳಿಸಿ ತೆಗೆದು, ನಾಲ್ಕು ಲೀಟರಿನ ಡಬ್ಬಿಯೊಂದರಲ್ಲಿ ಅದೇ ತೊಟ್ಟಿಯ ನೀರು ತುಂಬಿ, ಗಾಳಿಯ ಪಂಪಿನ ಸಣ್ಣ ಕೊಳವೆಯನ್ನು ಬಿಟ್ಟೆವು. ನಮ್ಮ ಬೀದಿಯ ಬಾದಾಮಿ ಮರದಿಂದ ಬಿದ್ದ ಒಣಗಿದ ಎಲೆಯೊಂದನ್ನು ತೊಳೆದು ಅದರಲ್ಲಿ ಹಾಕಿದೆವು. ಆ ಎಲೆಯ ಒಗರು ಮೊಟ್ಟೆಗೆ ಬೂಷ್ಟು ಹಿಡಿಯದಂತೆ ತಡೆಯುತ್ತದೆಂಬುದು ಮೀನು ಸಾಕುವವರ ಅನುಭವ. ಫಲಿಸದ ಮೊಟ್ಟೆಗಳು ಎರಡನೆಯ ದಿನಕ್ಕೆ ಬಿಳಿಚಿಕೊಳ್ಳುತ್ತವೆ. ಅವನ್ನು ಕೂಡಲೇ ಹೆಕ್ಕದಿದ್ದರೆ ಬೂಷ್ಟು ಪಕ್ಕದ ಒಳ್ಳೆಯ ಮೊಟ್ಟೆಗಳಿಗೂ ಹಬ್ಬುವುದು.

ಜೂನ್ 27ರಂದು ಮರಿಗಳು ಹೊರಬಂದವು. ಲೆಕ್ಕಕ್ಕೆ ಸಿಕ್ಕವು 84. ಬಾಲವುಳ್ಳ ಅಲ್ಪವಿರಾಮ ಚಿಹ್ನೆಗಳನ್ನು ಯಾರೋ ಡಬ್ಬಿಯ ತಳದಲ್ಲಿ ಚೆಲ್ಲಿದಂತೆ ಕಾಣುತ್ತಿದ್ದಿತು. ಪ್ರತಿಯೊಂದರ ಹೊಟ್ಟೆಗೂ ಒಂದು ಹಳದಿ ಚೀಲ. ಅದು ತಾಯಿ ಕಟ್ಟಿಕೊಟ್ಟ ಬುತ್ತಿ. ಆ ಬುತ್ತಿ ಎರಡು ಮೂರು ದಿನಕ್ಕೆ ಸಾಕಾಗುತ್ತದೆ. ಅದು ಮುಗಿದ ಗಳಿಗೆಯಿಂದ ಮರಿಯನ್ನು ಉಳಿಸುವುದು ಸಾಕುವವನ ಕೈಯಲ್ಲಿದೆ.

ಈ ಕೆಲಸದಲ್ಲಿ ಬೆರಗುಗೊಳಿಸುವಂಥದು ಯಾವುದೂ ಇಲ್ಲ; ಅದು ಪ್ರತಿದಿನ ಒಂದೇ ತೆರನಾದದ್ದು. ಓಟ್ಸ್ ಗಂಜಿಯ ಮೇಲೆ ಬೆಳೆಸಿದ ಮೈಕ್ರೋವರ್ಮ್ ಎಂಬ ನೂಲಿನೆಳೆಗಿಂತ ಸಣ್ಣ ಹುಳುಗಳನ್ನು ಬೆಳಿಗ್ಗೆ ಸಂಜೆ ಚಿಟಿಕೆಯಷ್ಟು ಕೊಡಬೇಕು. ಅವು ತಳಕ್ಕಿಳಿದು ಬಹುಹೊತ್ತು ಜೀವಂತವಾಗಿರುವುದರಿಂದ ತಳದಲ್ಲಿಯೇ ವಾಸಿಸುವ ಈ ಮರಿಗಳಿಗೆ ತಕ್ಕ ಆಹಾರ. ಉಳಿದದ್ದು ಕೊಳೆತರೆ ಮೊದಲು ಸಾಯುವವೂ ತಳದ ಮರಿಗಳೇ. ಆದುದರಿಂದ ದಿನಕ್ಕೊಮ್ಮೆ ತೆಳುವಾದ ಕೊಳವೆಯಿಂದ ಕಸವನ್ನು ಹೀರಿ ತೆಗೆದು, ಅರ್ಧದಷ್ಟು ನೀರನ್ನು ಬದಲಿಸಬೇಕು. ತೆಗೆದ ನೀರು ತುಳಸಿಯ ಕುಂಡಕ್ಕೆ ಹೋಗುತ್ತಿದ್ದಿತು. ಗಂಜಿಯ ಹುಳಿವಾಸನೆಗೆ ಮೂಗು ಮುರಿಯುತ್ತಿದ್ದ ನಮ್ಮ ಮನೆಯಾಕೆ ಒಂದು ವಾರದೊಳಗೆ, “ಪಾತ್ರೆ ತೊಳೆಯುವ ನೀರಿನಲ್ಲಿ ಒಂದು ತಂಬಿಗೆ ಕಡಿಮೆಯಾದರೂ ಚಿಂತೆಯಿಲ್ಲ, ಮರಿಗಳದ್ದು ತಪ್ಪಿಸಬೇಡಿ” ಎಂದು ನಮಗೇ ಹೇಳತೊಡಗಿದಳು.

ಜುಲೈ 8ರ ಬೆಳಗಿನ ಜಾವ ಮುಂಬಯಿಯವರಿಗೆ ನೆನಪಿರಬಹುದು. ರಾತ್ರಿ ಒಂದರಿಂದ ಬೆಳಿಗ್ಗೆ ಏಳರವರೆಗೆ ನಗರದ ಕೆಲವೆಡೆ 300 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ನಮ್ಮ ಚಾಳಿನಲ್ಲಿ ಒಂದೂವರೆಗೆ ವಿದ್ಯುತ್ತು ಹೋಯಿತು; ಗಾಳಿಯ ಪಂಪು ನಿಂತಿತು. ದೊಡ್ಡ ಮೀನುಗಳು ಮೇಲೆ ಬಂದು ಗಾಳಿ ನುಂಗಿ ಬದುಕಬಲ್ಲವು. ಆದರೆ ಎಳೆಯ ಮರಿಗಳಿಗೆ ಆ ವಿದ್ಯೆ ಇನ್ನೂ ಕೈಗೂಡಿರುವುದಿಲ್ಲ. ಹನ್ನೊಂದು ದಿನದ ಎಪ್ಪತ್ತು ಮರಿಗಳು ಅಂಗೈಯಗಲದ ಆ ನೀರಿನ ಉಸಿರನ್ನೇ ನಂಬಿದ್ದವು. ಸೌಟಿನಲ್ಲಿ ನೀರನ್ನು ಎತ್ತಿ, ಗೇಣೆತ್ತರದಿಂದ ತೆಳ್ಳಗೆ ಹೊಯ್ಯುವುದಲ್ಲದೆ ಬೇರೆ ಉಪಾಯವಿರಲಿಲ್ಲ. ಬೀಳುವ ನೀರು ಗಾಳಿಯನ್ನು ತನ್ನೊಡನೆ ಒಯ್ಯುತ್ತದೆ. ನಾವು ಸ್ವಲ್ಪ ಹೊತ್ತು, ಮನೆಯಾಕೆ ಸ್ವಲ್ಪ ಹೊತ್ತು, ನಿದ್ದೆಗಣ್ಣಿನ ಮಗಳು ಸ್ವಲ್ಪ ಹೊತ್ತು. ಮೂರು ಗಂಟೆಯ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಪಕ್ಕದ ಖೋಲಿಯ ಮಾವಶಿ ಬ್ಯಾಟರಿಯ ದೀಪ ಹಿಡಿದು ನಿಂತಿದ್ದರು. ಕೆಳಗಿನ ಖೋಲಿಗಳಿಗೆ ನೀರು ನುಗ್ಗಿದೆಯೇ ಎಂದು ನೋಡಿ ಬಂದವರು, ನಮ್ಮ ಕೈಯ ಸೌಟನ್ನೂ ಡಬ್ಬಿಯನ್ನೂ ಕಂಡು, ಏನನ್ನೂ ಕೇಳದೆ ದೀಪವನ್ನು ಹತ್ತಿರ ಇಟ್ಟು ಕುಳಿತರು. ಸ್ವಲ್ಪ ಹೊತ್ತಿನ ಮೇಲೆ, “ಮಗು ಮಲಗಲಿ, ಇತ್ತ ಕೊಡಿ” ಎಂದು ಸೌಟಿಗೆ ಕೈ ಚಾಚಿದರು. ಐದೂವರೆಗೆ ವಿದ್ಯುತ್ತು ಬಂದಾಗ ಒಂಬತ್ತು ಮರಿಗಳು ಸತ್ತಿದ್ದವು, ಅರುವತ್ತೊಂದು ಉಳಿದಿದ್ದವು. ಅಂದಿನಿಂದ ಮಾವಶಿ ನೀರಿನ ಲೆಕ್ಕ ಕೇಳಲಿಲ್ಲ. ಮರಿಗಳ ಲೆಕ್ಕ ಕೇಳುತ್ತಿದ್ದರು.

ನಾಲ್ಕನೆಯ ವಾರದಲ್ಲಿ ಮರಿಗಳನ್ನು ದೊಡ್ಡ ಟಬ್ಬಿಗೆ ಬದಲಿಸಿದೆವು. ಜುಲೈ 29ರಿಂದ ನೀರಿನ ಕಡಿತವೂ ರದ್ದಾಯಿತು. ಗಣೇಶ ಚೌತಿಯ ಹೊತ್ತಿಗೆ 54 ಮರಿಗಳು ಮುಕ್ಕಾಲು ಅಂಗುಲ ಬೆಳೆದು ಕಂಚಿನ ಹೊಳಪನ್ನು ಪಡೆದಿದ್ದವು. ಅವು ಗುಂಪುಗೂಡಿ ಮಲಗುವುದನ್ನೂ, ಒಂದೊಂದಾಗಿ ಮೇಲೆ ನೆಗೆದು ಗಾಳಿ ನುಂಗಿ ಬರುವುದನ್ನೂ ನೋಡುತ್ತಿದ್ದಾಗ ನಮಗೊಂದು ವಿಚಾರ ಹೊಳೆಯುತ್ತಿದ್ದಿತು. ಇವು ಹುಟ್ಟಿದ್ದು ಐಸ್‌ಕ್ರೀಮಿನ ಡಬ್ಬಿಯಲ್ಲಿ. ಟ್ರಿನಿಡಾಡಿನ ತೊರೆಯನ್ನು ಇವು ಕಂಡಿಲ್ಲ. ಆದರೂ ಪೂರ್ವಜರ ನಡೆಯನ್ನು ಮರೆತಿಲ್ಲ. ನಿಮ್ಮಲ್ಲಿಯೂ ಹಲವರು ಕೃಷ್ಣೆಯನ್ನಾಗಲಿ ತುಂಗೆಯನ್ನಾಗಲಿ ಕಂಡವರಲ್ಲ; ಆದರೂ ಎಡವಿದಾಗ ನಿಮ್ಮ ಬಾಯಿಂದ ಬರುವ ಮಾತು ಕನ್ನಡದ್ದೇ. ಮೀನಿಗೆ ಅದು ಮೈಯಲ್ಲಿಯೇ ಬಂದ ಬಳುವಳಿ, ಕಲಿಸಬೇಕಾದದ್ದಿಲ್ಲ. ನುಡಿ ಹಾಗಲ್ಲ. ತಾಯಿ ಕಟ್ಟಿಕೊಟ್ಟ ಬುತ್ತಿ ಕೆಲವು ದಿನಕ್ಕೆ ಸಾಕು. ಆಮೇಲೆ ಬೆಳಿಗ್ಗೆ ಸಂಜೆ ಚಿಟಿಕೆ ಚಿಟಿಕೆಯಾಗಿ ಉಣಿಸುತ್ತಲೇ ಇರಬೇಕು. ಓದುವ ಒಂದು ಪುಟ, ಊರಿನ ಅಜ್ಜಿಗೆ ಬರೆಯುವ ನಾಲ್ಕು ಸಾಲು, ಇಷ್ಟೇ ಆ ಉಣಿಸು. ಮೊಟ್ಟೆಯಿಡಿಸುವ ಕೆಲಸವನ್ನು ಮಳೆ ಮಾಡೀತು. ಬೆಳೆಸುವ ಕೆಲಸವನ್ನು ಮಾಡಲು ಪ್ರತಿದಿನವೂ ಒಂದು ಕೈ ಬೇಕು.

ದೀಪಾವಳಿಯ ರಜೆಗೆ ಮೊದಲು ಆ 54 ಮೀನುಗಳನ್ನು ಆರಾರರಂತೆ ಒಂಬತ್ತು ವಿದ್ಯಾರ್ಥಿಗಳ ಮನೆಗೆ ಕೊಟ್ಟೆವು. ಇವು ಗುಂಪಿನಲ್ಲಿ ಬಾಳುವ ಜೀವಿಗಳಾದ್ದರಿಂದ ಒಂಟಿಯಾಗಿ ಇಡತಕ್ಕದ್ದಲ್ಲವೆಂದೂ, ಸಾಕಲಾಗದಿದ್ದರೆ ನಮಗೇ ಹಿಂತಿರುಗಿಸಬೇಕಲ್ಲದೆ ಕೆರೆಗೆ ಬಿಡಕೂಡದೆಂದೂ ಎರಡು ಕರಾರುಗಳನ್ನು ಹಾಕಿದೆವು. ದಕ್ಷಿಣ ಅಮೆರಿಕೆಯ ಇನ್ನೊಂದು ಮೀನು, ಗಾಜಿಗೆ ಬಾಯಿ ಅಂಟಿಸಿ ಪಾಚಿ ತಿನ್ನುವ ಸಕ್ಕರ್ ಮೀನು, ಹೀಗೆ ನೀರಿಗೆ ಸೇರಿ ನಮ್ಮ ದೇಶದ ಹಲವು ಕೆರೆಗಳಲ್ಲಿ ಹಬ್ಬಿಕೊಂಡಿರುವುದೇ ಎರಡನೆಯ ಕರಾರಿಗೆ ಕಾರಣ.

2025ರಲ್ಲಿ ಮಳೆ ಅವಸರಪಟ್ಟು ಮೇ 26ರಂದೇ ಮುಂಬಯಿಯನ್ನು ಮುಟ್ಟಿತು. ಶಾಲೆ ತೆರೆದ ಮೊದಲ ವಾರದಲ್ಲಿ ಎಂಟನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ನಮ್ಮ ಮೇಜಿನ ಮೇಲೊಂದು ಚೀಟಿಯಿಟ್ಟು ನಿಂತಳು. ಅದರಲ್ಲಿ ದುಂಡಗಿನ ಕನ್ನಡ ಅಕ್ಷರಗಳಲ್ಲಿ, “ನಿನ್ನೆ ಬೆಳಿಗ್ಗೆ ಗಾಜಿನ ಮೇಲೆ 46 ಮೊಟ್ಟೆಗಳು. ಬೆರಳಿನಿಂದ ತೆಗೆದು ಡಬ್ಬಿಯಲ್ಲಿ ಹಾಕಿದ್ದೇನೆ. ಇನ್ನು ಏನು ಮಾಡಲಿ, ಸರ್?” ಎಂದು ಬರೆದಿದ್ದಿತು. ಅಂದು ಸಂಜೆ ಅವಳನ್ನೂ ಅವಳ ತಾಯಿಯನ್ನೂ ಮನೆಗೆ ಕರೆದು, ಓಟ್ಸ್ ಗಂಜಿಯ ಹುಳುವಿನ ಡಬ್ಬಿಯಲ್ಲಿ ಅರ್ಧವನ್ನು ಅವಳಿಗೆ ಕೊಟ್ಟೆವು.