ನಮ್ಮ ಗಾಡಿಯ ಕಾಲು

ನಮ್ಮ ಮೋಟಾರ್‌ಸೈಕಲ್ಲಿಗೆ ಒಂದು ಕಾಲಿದೆ. ಸೈಡ್ ಸ್ಟ್ಯಾಂಡ್ ಎನ್ನುತ್ತಾರಲ್ಲ, ಅದು. ಹೊಂಡದಲ್ಲಿ ಗಾಡಿ ಧಡಕ್ಕೆಂದರೆ ಸಾಕು, ತಾನಾಗಿ ಕೆಳಗಿಳಿಯುತ್ತದೆ. ನೇರ ದಾರಿಯಲ್ಲಿ ಗೊತ್ತಾಗದು. ಎಡಕ್ಕೆ ವಾಲಿದೊಡನೆ ನೆಲಕ್ಕೆ ತಾಗಿ ಗಾಡಿಯನ್ನೇ ಎತ್ತಿ ಒಗೆಯುತ್ತದೆ. ಕಳೆದ ಮಳೆಗಾಲದಲ್ಲಿ ಮಾಟುಂಗದ ತಿರುವಿನಲ್ಲಿ ಹಾಗೇ ಆಯಿತು. ನಮ್ಮ ಮಂಡಿ ತರಚಿತು. ಹಿಂದೆ ಕೂತಿದ್ದ ನಮ್ಮಾಕೆಯ ಮಣಿಕಟ್ಟು ಮುರಿಯಿತು.

ಸರ್ವಿಸ್ ಸೆಂಟರಿನವರು ಮೂರು ಸಲ ಸ್ಪ್ರಿಂಗ್ ಬದಲಿಸಿದರು. ನಿಧಾನವಾಗಿ ಓಡಿಸಿ ಎಂಬ ಉಪದೇಶ ಬಿಟ್ಟಿ. ದೋಷ ಸ್ಪ್ರಿಂಗಿನದಲ್ಲ, ಸ್ಟ್ಯಾಂಡನ್ನು ಹಿಡಿದಿರುವ ಬ್ರಾಕೆಟ್ಟಿನದು, ಇದೇ ಮಾದರಿಯ ಇನ್ನೆರಡು ಗಾಡಿ ಹೀಗೇ ಬಂದಿವೆ ಎಂದು ಅಲ್ಲಿನ ಮೆಕ್ಯಾನಿಕನೇ ಮೆಲ್ಲಗೆ ಹೇಳಿದ. ಬರೆದುಕೊಡಪ್ಪಾ ಎಂದರೆ, ಪಾಪ, ನೌಕರಿಯ ಮಾತೆತ್ತಿದ.

2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಯಲ್ಲಿ 110ಎ ಎಂಬ ಕಲಮು ಸೇರಿದೆ. ಗೊತ್ತುಪಡಿಸಿದಷ್ಟು ಮಾಲೀಕರು ದೂರಿತ್ತರೆ, ದೋಷವಿರುವ ಗಾಡಿಗಳನ್ನು ಹಿಂದಕ್ಕೆ ಕರೆಸಿಕೊಳ್ಳುವಂತೆ ಕೇಂದ್ರ ಸರ್ಕಾರ ಕಂಪನಿಗೆ ಅಪ್ಪಣೆ ಮಾಡಬಹುದು. ನಾವು ಒಬ್ಬರು. ಉಳಿದಿಬ್ಬರು ಯಾರೋ! ಕಂಪನಿಗೆ ಎರಡು ಪತ್ರ ಬರೆದೆವು; ಹೊಸ ಮಾದರಿಯ ಜಾಹೀರಾತು ಬಂತು.

ಸದ್ಯಕ್ಕೆ ಹಳೆಯ ಟ್ಯೂಬಿನ ಪಟ್ಟಿಯಿಂದ ಸ್ಟ್ಯಾಂಡನ್ನು ಬಿಗಿದಿದ್ದೇವೆ. ನಮ್ಮಾಕೆ ಮಾತ್ರ ಹಿಂದೆ ಕೂರುವುದಿಲ್ಲ. ಲೋಕಲ್ಲಿನ ನೂಕುನುಗ್ಗಲೇ ಕ್ಷೇಮ ಎನ್ನುತ್ತಾಳೆ.