ದುಡ್ಡಿಲ್ಲದೆ ಉಳಿದ ಊರು

ಶಿಕಾಗೋದಿಂದ ಪಶ್ಚಿಮಕ್ಕೆ ಮೂರು ಗಂಟೆ ಕಾರು ಓಡಿಸಿದರೆ ಗಲೀನಾ ಸಿಗುತ್ತದೆ. ಮೂರು ಸಾವಿರ ಚಿಲ್ಲರೆ ಜನರ ಊರು. ಮೇನ್ ಸ್ಟ್ರೀಟು ನದಿಯ ಜೊತೆಗೇ ಬಾಗುತ್ತಾ ಹೋಗುತ್ತದೆ. ಇಕ್ಕೆಲದಲ್ಲೂ ಒಂದಕ್ಕೊಂದು ಒತ್ತಿಕೊಂಡ ಇಟ್ಟಿಗೆ ಕಟ್ಟಡಗಳು. ಕೆಳಗಿನ ಅಂಗಡಿಗಳಲ್ಲಿ ಪಾಪ್‌ಕಾರ್ನು, ಮಿಠಾಯಿ, ವೈನು. ಹತ್ತೊಂಬತ್ತನೇ ಶತಮಾನ ಬೇಕೆಂದರೆ ಕತ್ತೆತ್ತಿ ಮಹಡಿ ನೋಡಬೇಕು. ಬೀದಿಯ ಬಾಯಲ್ಲೊಂದು ಭಾರಿ ಉಕ್ಕಿನ ಬಾಗಿಲು. ನದಿ ಉಕ್ಕಿದರೆ ಬೀದಿಯನ್ನೇ ಮುಚ್ಚಿಬಿಡುತ್ತಾರೆ!

ಒಂದು ಕಾಲಕ್ಕೆ ಇದು ಸೀಸದ ಗಣಿಯ ಊರು. ಸೀಸ ತುಂಬಿಕೊಂಡ ಸ್ಟೀಮ್‌ಬೋಟುಗಳು ಇಲ್ಲಿಂದ ಮಿಸಿಸಿಪಿಗೆ ಇಳಿಯುತ್ತಿದ್ದವು. ದುಡ್ಡು ಹರಿಯಿತು, 1855ರಲ್ಲಿ ಡಿಸೋಟೊ ಹೌಸ್ ಎಂಬ ದೊಡ್ಡ ಹೋಟೆಲೂ ಎದ್ದಿತು. ಆಮೇಲೆ ಗಣಿ ಸೊರಗಿತು, ನದಿಯಲ್ಲಿ ಹೂಳು ತುಂಬಿತು, ವ್ಯಾಪಾರ ರೈಲು ಹತ್ತಿ ಬೇರೆ ಊರು ಸೇರಿತು. ಹಳೆಯದನ್ನು ಕೆಡವಿ ಹೊಸದು ಕಟ್ಟುವುದಕ್ಕೂ ಕೈಯಲ್ಲಿ ಕಾಸು ಬೇಕಲ್ಲ! ನೂರು ವರ್ಷ ಈ ಬೀದಿಯನ್ನು ಕಾಪಾಡಿದ್ದು ಬಡತನ. ಹಳೆಯ ಕಟ್ಟಡಗಳನ್ನು ಉಳಿಸುವ ಫೆಡರಲ್ ಕಾನೂನು ಬಂದದ್ದು 1966ರಲ್ಲಿ. ಊರಿನ ಹಳೆಯ ಭಾಗ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿದ್ದು 1969ರಲ್ಲಿ.

ಪಟ್ಟಿಗೆ ಸೇರಿದ ಮನೆಯನ್ನು ಇನ್ನು ಯಾರೂ ಮುಟ್ಟುವಂತಿಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗೇನಿಲ್ಲ. ಮಾಲೀಕ ಸ್ವಂತ ಖರ್ಚಿನಲ್ಲಿ ಕೆಡವಲು ಹೊರಟರೆ ರಾಷ್ಟ್ರೀಯ ಪಟ್ಟಿ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಆಯಾ ಊರಿನ ನಿಯಮ: ಬೀದಿಗೆ ಕಾಣುವ ಮರದ ಕಿಟಕಿ ಕಿತ್ತು ಪ್ಲಾಸ್ಟಿಕ್ಕಿನದು ಹಾಕುತ್ತೇನೆಂದರೆ ಊರಿನ ಸಮಿತಿಯ ಮುಂದೆ ಹೋಗಿ ನಿಲ್ಲಬೇಕು. ವ್ಯಾಪಾರದ ಕಟ್ಟಡವನ್ನು ಹಳೆಯ ಲಕ್ಷಣ ಕೆಡದಂತೆ ದುರಸ್ತಿ ಮಾಡಿಸಿದವರಿಗೆ ಖರ್ಚಿನ ಶೇ. 20ರಷ್ಟು ಫೆಡರಲ್ ತೆರಿಗೆಯಲ್ಲಿ ಮಾಫಿ. ತಾವೇ ವಾಸಿಸುವ ಮನೆಗೆ ಆ ಭಾಗ್ಯವಿಲ್ಲ. ಜನವರಿಯ ಚಳಿಗಾಳಿ ಕಿಟಕಿಯ ಸಂದಿಯಲ್ಲಿ ಶಿಳ್ಳೆ ಹಾಕುವಾಗ ಪರಂಪರೆಯ ಮೇಲೆ ಎಷ್ಟು ಪ್ರೀತಿ ಉಳಿಯುತ್ತದೆಂದು ಆ ಮನೆಯವರನ್ನೇ ಕೇಳಬೇಕು.

ಗಲೀನಾದಲ್ಲೇ ನದಿಯಾಚೆಯ ಏರಿನಲ್ಲಿ ಯುಲಿಸಿಸ್ ಗ್ರಾಂಟನ ಮನೆಯಿದೆ. 1860ರಲ್ಲಿ ಅಪ್ಪನ ಚರ್ಮದಂಗಡಿಯಲ್ಲಿ ದುಡಿಯಲು ಬಂದವನು 1865ರಲ್ಲಿ ಅಮೆರಿಕದ ಅಂತರ್ಯುದ್ಧ ಗೆದ್ದ ಜನರಲ್ ಆಗಿ ಮರಳಿದ. ಊರಿನ ಗಣ್ಯರು ಕುರ್ಚಿ ಮೇಜು ಸಮೇತ ಮನೆಯನ್ನೇ ಉಡುಗೊರೆ ಕೊಟ್ಟರು. ಆತ ಅಧ್ಯಕ್ಷನಾಗಿ ವಾಷಿಂಗ್ಟನ್ ಸೇರಿದ ಮೇಲೆ ಇಲ್ಲಿಗೆ ಬಂದದ್ದೇ ಅಪರೂಪ. 1904ರಲ್ಲಿ ಮಕ್ಕಳು ಅದನ್ನು ಊರಿಗೇ ಹಿಂದಿರುಗಿಸಿದರು. ಸುಣ್ಣಬಣ್ಣದ ಖರ್ಚು ಊರಿಗೂ ಭಾರವಾಗಿ, ಕೊನೆಗೆ ಊರು ಅದನ್ನು ಇಲಿನಾಯ್ ರಾಜ್ಯ ಸರ್ಕಾರಕ್ಕೆ ದಾಟಿಸಿತು.