ಎರೆಹೊಲದ ಹತ್ತಿ, ದೇವಗಡದ ದೀಪ

ಕಡಲಿನ ದೀಪಸ್ತಂಭಕ್ಕೂ ಬಯಲುಸೀಮೆಯ ಊರುಗಳಿಗೂ ಇರುವ ನಂಟು ಮೇಲ್ನೋಟಕ್ಕೆ ಕಾಣುವಂಥದ್ದಲ್ಲ. ಆದರೆ ಕಾರವಾರದ ಎದುರಿನ ಬಂಡೆಗಲ್ಲಿನ ದ್ವೀಪವಾದ ದೇವಗಡದಲ್ಲಿ 1864ರಲ್ಲಿ ಹೊತ್ತಿದ ದೀಪದ ಮೂಲವನ್ನು ಅರಸುತ್ತ ಹೊರಟವರು ಘಟ್ಟ ಹತ್ತಿ ಎರೆಹೊಲಕ್ಕೆ, ಎಂದರೆ ಹತ್ತಿ ಬೆಳೆಯುವ ಕಪ್ಪು ನೆಲಕ್ಕೆ, ಬಂದು ನಿಲ್ಲಬೇಕಾಗುತ್ತದೆ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತುಹೋದಾಗ, ಮ್ಯಾಂಚೆಸ್ಟರಿನ ಗಿರಣಿಗಳ ಕಣ್ಣು ಧಾರವಾಡ ಸೀಮೆಯ ಮೇಲೆ ಬಿತ್ತು. ಈ ಸೀಮೆಯ ಅರಳೆ ಅದುವರೆಗೆ ಕುಮಟೆಯಿಂದ ಹಡಗೇರುತ್ತಿದ್ದರೂ ಅಲ್ಲಿ ಮಳೆಗಾಲದ ಅಲೆಗಳಿಗೆ ತಡೆ ಇರಲಿಲ್ಲವಾದ್ದರಿಂದ, ಗುಡ್ಡಗಳ ಮರೆಯಿದ್ದ ಕಾರವಾರವನ್ನು ಬಂದರಾಗಿ ಬೆಳೆಸುವ ಯೋಚನೆ ಬಲಗೊಂಡಿತು. 1862ರಲ್ಲಿ ಉತ್ತರ ಕನ್ನಡವು ಮದರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದಕ್ಕೂ ಈ ಹತ್ತಿಯೇ ಮುಖ್ಯ ಕಾರಣ. ಘಟ್ಟ ಇಳಿಯುವ ಗಾಡಿದಾರಿಯ ಜೊತೆಗೆ, ಕತ್ತಲಲ್ಲಿ ಬರುವ ಹಡಗುಗಳಿಗೆ ಬಂಡೆಗಳ ಸುಳಿವು ಕೊಡುವ ದೀಪವೂ ಬೇಕಾಯಿತು. ನಾವಿಕರ ನಕ್ಷೆಗಳು ಆಯ್ಸ್ಟರ್ ರಾಕ್ಸ್ ಎಂದು ಗುರುತಿಸುವ, ದೇವಗಡವೂ ಸೇರಿದ ನಡುಗಡ್ಡೆಗಳ ಗುಂಪಿನಲ್ಲಿ ಕಲ್ಲಿನ ಗೋಪುರವೊಂದು ಎದ್ದಿತು.

ಇಂಥ ಗೋಪುರಗಳ ಸತ್ತ್ವವೆಲ್ಲ ಇರುವುದು ಗಾಜಿನಲ್ಲಿ. ಫ್ರಾನ್ಸಿನ ವಿಜ್ಞಾನಿ ಫ್ರೆನೆಲ್ 1820ರ ದಶಕದಲ್ಲಿ ರೂಪಿಸಿದ ಮಸೂರದಲ್ಲಿ, ಒಂದೇ ದಪ್ಪ ಗಾಜಿನ ಬದಲು ಒಂದರ ಸುತ್ತ ಒಂದರಂತೆ ಜೋಡಿಸಿದ ಪಟ್ಟಕದ ಬಳೆಗಳು ಇರುತ್ತವೆ. ಸುತ್ತಲೂ ಚದುರಿಹೋಗುವ ಬೆಳಕನ್ನು ಅವು ಬಾಗಿಸಿ, ಕಡಲಿನ ಮಟ್ಟಕ್ಕೆ ಸಮನಾದ ಪಟ್ಟಿಯಾಗಿ ದೂರಕ್ಕೆ ಕಳಿಸುತ್ತವೆ. ಉಪ್ಪುಗಾಳಿಗೆ ಮಸುಕಾಗುವ ಆ ಗಾಜನ್ನು ಒರೆಸುವುದು, ಎಣ್ಣೆ ತುಂಬುವುದು, ಬತ್ತಿಯ ಕರಕು ಕತ್ತರಿಸುವುದು ಎಣ್ಣೆದೀಪದ ಕಾಲದ ಕಾವಲುಗಾರರ ನಿತ್ಯದ ಕೆಲಸವಾಗಿತ್ತು.

1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿದದ್ದೇ ಹತ್ತಿಯ ಧಾರಣೆ ನೆಲ ಕಚ್ಚಿತು. 1880ರ ದಶಕದ ಕೊನೆಗೆ ಹುಬ್ಬಳ್ಳಿಯ ಕಡೆಯಿಂದ ಮರ್ಮಗೋವಾ ಬಂದರಿಗೆ ರೈಲು ಓಡತೊಡಗಿದ ಮೇಲೆ ಗಾಡಿದಾರಿಯೂ ಕಾರವಾರದ ವ್ಯಾಪಾರವೂ ಸೊರಗಿದವು. ಧಾರಣೆ ಏರಿದಾಗ ಬಿತ್ತಿ, ಇಳಿದಾಗ ಸಾಲ ಹೊತ್ತ ಬೆಳೆಗಾರನ ಮಟ್ಟಿಗೆ ಇದು ದೀಪದ ಬುಡದ ಕತ್ತಲೆಯೇ ಸರಿ. ಆದ್ದರಿಂದ ದೇವಗಡದ ಸ್ತಂಭವನ್ನು ಕರಾವಳಿಯ ಸ್ಮಾರಕವೆಂದಷ್ಟೇ ಎಣಿಸುವುದು ಅರ್ಧ ಚರಿತ್ರೆ. ಅದರ ಇನ್ನರ್ಧ ಕಡಲನ್ನೇ ಕಾಣದ ಬಯಲುಸೀಮೆಯ ರೈತನದು.